ಮಂಗಳನಲ್ಲೂ ಕೆರೆ ಕೋಡಿ ಬಿದ್ದಿತ್ತು

ಬಿಕಾಂನವಳಿಗೆ ಮಂಗಳ ಗ್ರಹದ ಉಸಾಬರಿ ಯಾಕೆ ಅಂತ ಈಗ್ಲೇ ಕೇಳ್ಬೇಡಿ, ಪೂರ್ತಿ ಓದಿ ಆಮೇಲೆ ಬೈಯಿರಿ.

‘ಮಂಗಳನಲ್ಲಿ ಹಿಂದೆ ನೀರಿತ್ತು’ ಅನ್ನೋ ಸಾಲನ್ನ ನಾವೆಲ್ಲ ಒಂದು ಮಾರ್ಕ್ಸಿಗೆ ಬರೆದು ಮರೆತವರೇ. ಆ ನೀರು ಎಲ್ಲಿಂದ ಬಂತು, ಎತ್ತ ಹರೀತು ಅಂತ ನಮ್ಮ ಕೈಯಲ್ಲಿ ಯಾರೂ ನಕ್ಷೆ ಬರೆಸಲಿಲ್ಲ. ನನ್ನ ಪ್ರಕಾರ ಪಾಠ ಶುರು ಆಗ್ಬೇಕಾದ್ದೇ ಅಲ್ಲಿಂದ. ಅದೂ ಸೈನ್ಸ್‌ನವರಿಗೆ ಮಾತ್ರ ಅಲ್ಲ.

ಜೆಜೆರೋ ಅನ್ನೋ ಕುಳಿ ತಗೊಳ್ಳಿ. ಸುಮಾರು 45 ಕಿ.ಮೀ. ಅಗಲ. 2021ರ ಫೆಬ್ರವರಿಯಲ್ಲಿ ಪರ್ಸಿವಿಯರೆನ್ಸ್ ರೋವರ್ ಇಳಿದದ್ದು ಇಲ್ಲೇ. ಫೋಟೋದಲ್ಲಿ ಪಶ್ಚಿಮದ ಅಂಚನ್ನು ಕೊರೆದುಕೊಂಡು ಒಂದು ಕಣಿವೆ ಒಳಗೆ ಬರುತ್ತೆ, ಅದರ ಬಾಯಲ್ಲಿ ಬೀಸಣಿಗೆ ಥರ ಹರಡಿದ ಹೂಳು. ನದಿ ನಿಂತ ನೀರಿಗೆ ಸೇರುವಾಗ ವೇಗ ಕಳ್ಕೊಂಡು ಮಣ್ಣು ಬಿಡುತ್ತಲ್ಲ, ಆ ಡೆಲ್ಟಾನೇ ಇದು. ಪೂರ್ವದ ಅಂಚಲ್ಲಿ ಹೊರಗೆ ಹೋಗೋ ಇನ್ನೊಂದು ಕಣಿವೆ. ಈಗ ಎತ್ತರದ ಅಂಕಿ ನೋಡಿ: ಆ ಹೊರದಾರಿ ಕುಳಿಯ ತಳಕ್ಕಿಂತ ಮೇಲಿದೆ. ಅಂದ್ರೆ ಅಷ್ಟು ಎತ್ತರಕ್ಕೆ ತುಂಬದೆ ನೀರು ಆಚೆ ಹೋಗೋಕೆ ಸಾಧ್ಯವೇ ಇಲ್ಲ. ನಮ್ಮೂರ ಮಾತಲ್ಲಿ, ಕೆರೆ ಕೋಡಿ ಬಿದ್ದಿತ್ತು! ಒಂದು ಹನಿ ನೀರು ಕಾಣದೆ, ಬರೀ ಎತ್ತರ ಹೋಲಿಸಿ ಇಷ್ಟು ಹೇಳಬಹುದು. ಆಡಿಟಿಂಗ್‌ನಲ್ಲಿ ವೋಚರ್ ಹಿಡ್ಕೊಂಡು ದುಡ್ಡು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಹುಡುಕ್ತೀವಲ್ಲ, ಅದೇ ಕೆಲಸ.

ಮೋಸ ಹೋಗೋ ಜಾಗಗಳೂ ಇವೆ. ನಕ್ಷೇಲಿ ನೀಲಿ ಅಂದ್ರೆ ನೀರಲ್ಲ, ತಗ್ಗು. ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಲೇಸರ್‌ನಿಂದ ಅಳೆದ ಎತ್ತರಕ್ಕೆ ಕೊಟ್ಟ ಬಣ್ಣ ಅಷ್ಟೇ. ಲಾವಾ ಕೂಡ ಕಾಲುವೆ ಕೊರೆಯುತ್ತೆ. ಅದಕ್ಕೇ ಗೆರೆ ಎಳೆಸಿದ್ರೆ ಸಾಲದು. ಸಾಕ್ಷಿ ಗಟ್ಟಿ ಇದ್ರೆ ಪೂರ್ತಿ ಗೆರೆ, ಅನುಮಾನ ಇದ್ರೆ ಚುಕ್ಕೆ ಗೆರೆ ಅಂತ ಮೇಷ್ಟ್ರು ಹೇಳ್ಕೊಡ್ಬೇಕು, ಚುಕ್ಕೆ ಗೆರೆಗೂ ಮಾರ್ಕ್ಸ್ ಕೊಡ್ಬೇಕು. ಗೊತ್ತಿಲ್ಲದಿದ್ರೂ ಪುಟ ತುಂಬಿಸಿ ಬಾ ಅನ್ನೋ ಪರೀಕ್ಷೆಗಳಲ್ಲಿ ಬೆಳೆದ ನಮಗೆ ಇದು ಎಷ್ಟು ಬೇಕಿತ್ತು ಗೊತ್ತಾ?

ಲ್ಯಾಬ್ ಇಲ್ಲ, ದುಡ್ಡಿಲ್ಲ ಅನ್ನೋ ನೆಪ ನಡೆಯಲ್ಲ. ನಾಸಾದ ಮಾರ್ಸ್ ಟ್ರೆಕ್ ಬ್ರೌಸರ್‌ನಲ್ಲೇ ಉಚಿತವಾಗಿ ತೆರೆಯುತ್ತೆ. ಒಂದು ಪ್ರಿಂಟ್‌ಔಟ್, ಟ್ರೇಸಿಂಗ್ ಪೇಪರ್, ಪೆನ್ಸಿಲ್ ಇದ್ರೆ ಕ್ಲಾಸ್ ರೆಡಿ.

ಇವತ್ತು ನಿರ್ಗಲ್ ವ್ಯಾಲಿಸ್ ಅಂತ ಹುಡುಕಿ. ಕಿರುಕಣಿವೆಗಳು ಯಾವ ಕೋನದಲ್ಲಿ ಬಂದು ಸೇರ್ತಿವೆ ನೋಡಿ, ನೀರು ಹರಿದ ಕಡೆಗೆ ಬಾಣ ಹಾಕಿ, ಸ್ಟೋರಿಯಲ್ಲಿ ನನ್ನನ್ನ ಟ್ಯಾಗ್ ಮಾಡಿ. ಚುಕ್ಕೆ ಗೆರೆ ಆದ್ರೂ ಪರವಾಗಿಲ್ಲ.