ಮೊಣಕಾಲಿನ ನೋವಿಗೆ ಒಂದು ಎಕ್ಸ್‌–ರೇ

ರೋಣ, ನರಗುಂದ, ಗಜೇಂದ್ರಗಡದ ಕಡೆ ಹದಿಹರೆಯದ ಹುಡುಗನಿಗೆ ಮೊಣಕಾಲು ನೋವು ಬಂದರೆ, ಕಬಡ್ಡಿಯಲ್ಲಿ ಉಳುಕಿರಬೇಕೆಂದು ಎಣ್ಣೆ ತಿಕ್ಕುವುದು ರೂಢಿ. ಬಹುಪಾಲು ಆ ಊಹೆ ಸರಿಯೇ. ಆದರೆ ವಾರಗಟ್ಟಲೆ ಉಳಿದು, ರಾತ್ರಿ ನಿದ್ದೆಗೆಡಿಸಿ, ಬಾವನ್ನೂ ತರುವ ನೋವು ಉಳುಕಿನದಾಗಿರಲಿಕ್ಕಿಲ್ಲ. ಆಸ್ಟಿಯೊಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಅಪರೂಪದ್ದು, ನಿಜ. ಬಂದಾಗ ಮಾತ್ರ ಅದು ಹೆಚ್ಚಾಗಿ ಈ ವಯಸ್ಸಿನಲ್ಲೇ, ಮೊಣಕಾಲಿನ ಆಸುಪಾಸಿನಲ್ಲೇ ಬರುತ್ತದೆ.

ಎತ್ತರ ಬೆಳೆಯುವ ಕಾಲದಲ್ಲಿ ಉದ್ದ ಮೂಳೆಗಳ ತುದಿಯ ಜೀವಕೋಶಗಳು ಬಿರುಸಿನಿಂದ ವಿಭಜನೆಗೊಳ್ಳುತ್ತವೆ. ಯಾವ ವಂಶವಾಹಿ ಯಾವಾಗ ಕೆಲಸ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬ ನಿಯಂತ್ರಣವೇ ಈ ಬೆಳವಣಿಗೆಯನ್ನು ಹದದಲ್ಲಿಡುವುದು. ವಿಭಜನೆಗೆ ಲಗಾಮು ಹಾಕುವ ಟಿಪಿ53, ಆರ್‌ಬಿ1 ವಂಶವಾಹಿಗಳು ಈ ಗೆಡ್ಡೆಗಳಲ್ಲಿ ಅನೇಕ ವೇಳೆ ಕೆಟ್ಟಿರುತ್ತವೆ. ಅಷ್ಟಕ್ಕೇ ಮುಗಿಯದು. ಕ್ಯಾನ್ಸರ್ ಕೋಶಗಳು ತಮ್ಮ ಮೇಲ್ಮೈಯ ಗುರುತುಗಳನ್ನು ರೂಪಿಸುವ ವಂಶವಾಹಿಗಳನ್ನೂ ಅಡಗಿಸುವುದುಂಟು. ಆಗ ರೋಗನಿರೋಧಕ ಟಿ ಕೋಶಗಳು ಅವುಗಳನ್ನು ಗುರುತಿಸದೆ ಸಾಗಿಬಿಡುತ್ತವೆ. ಗೆಡ್ಡೆಯೊಳಗೆ ಸೇರಿದ ಮ್ಯಾಕ್ರೊಫೇಜ್‌ಗಳು ಕೆಲವೊಮ್ಮೆ ಕಾವಲು ಬಿಟ್ಟು ಕಳ್ಳನಿಗೇ ದೀಪ ಹಿಡಿಯುತ್ತವೆ.

ಈ ಕಾವಲುಗಾರರನ್ನು ಎಬ್ಬಿಸುವ ಆಸೆ ಹೊಸದಲ್ಲ. ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ 1891ರಲ್ಲೇ ಸಾರ್ಕೋಮಾ ರೋಗಿಗೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದ್ದ. ಮ್ಯಾಕ್ರೊಫೇಜ್‌ಗಳನ್ನು ಕೆರಳಿಸುವ ಮಿಫಾಮುರ್ಟೈಡ್‌ಗೆ ಯುರೋಪ್ 2009ರಲ್ಲಿ ಒಪ್ಪಿಗೆ ನೀಡಿತು, ಅಮೆರಿಕ ನೀಡಲಿಲ್ಲ. ಇತರ ಕೆಲವು ಕ್ಯಾನ್ಸರ್‌ಗಳಲ್ಲಿ ಹೆಸರು ಮಾಡಿದ ಪೆಂಬ್ರೊಲಿಜುಮಾಬ್, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಕಾಯಿಲೆಯ 22 ಮಂದಿಯ ಪೈಕಿ ಒಬ್ಬರ ಗೆಡ್ಡೆಯನ್ನಷ್ಟೇ ಕುಗ್ಗಿಸಿತು.

ಹೀಗಿರುವಾಗ ಪವಾಡದ ಚುಚ್ಚುಮದ್ದಿಗೆ ಕಾಯುತ್ತ ಕೂರುವುದು ಜಾಣತನವಲ್ಲ. ರೋಗ ಶ್ವಾಸಕೋಶಕ್ಕೆ ಹರಡುವ ಮುನ್ನ ಸಿಕ್ಕರೆ, ಕಿಮೊಥೆರಪಿ ಮತ್ತು ಶಸ್ತ್ರಚಿಕಿತ್ಸೆಯಿಂದ ಸುಮಾರು ಶೇ 60–70 ಮಂದಿ ಐದು ವರ್ಷಗಳಾಚೆಗೂ ಬದುಕುತ್ತಾರೆ. ಹರಡಿದ ಮೇಲೆ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅನೇಕರ ಕಾಲೂ ಉಳಿಯುತ್ತದೆ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ಕಿದ್ವಾಯಿ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬದ ಚಿಕಿತ್ಸೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ಇವೆಲ್ಲ ಗಜೇಂದ್ರಗಡದ ಮಗ್ಗದ ಮನೆಯ ಮಗುವಿಗೆ ದಕ್ಕಬೇಕಾದರೆ ಮೊದಲು ಯಾರಾದರೂ ಸಂಶಯಪಡಬೇಕು. ಮೂರು ವಾರ ಮೀರಿದ ಮೂಳೆ ನೋವಿಗೆ ಎಕ್ಸ್‌–ರೇ ತೆಗೆಯಲೇಬೇಕೆಂಬ ಲಿಖಿತ ಸೂಚನೆಯನ್ನು ಆರೋಗ್ಯ ಇಲಾಖೆ ತಾಲ್ಲೂಕು ಆಸ್ಪತ್ರೆಗಳಿಗೆ ನೀಡಲಿ. ಅನುಮಾನ ಬಂದಲ್ಲಿ ಅಲ್ಲಿಯೇ ಕೊಯ್ದು ನೋಡುವ ಅವಸರವೂ ಬೇಡ: ತಪ್ಪು ಜಾಗದಲ್ಲಿ ತೆಗೆದ ಬಯಾಪ್ಸಿಯಿಂದಾಗಿ, ಉಳಿಸಬಹುದಾಗಿದ್ದ ಕಾಲನ್ನೇ ಕತ್ತರಿಸಬೇಕಾಗಿ ಬರಬಹುದು.