ಕೊನೆಯ ಬೆಂಚು ಯಾರದು?

‘ಸ್ಥಾನಾರ್ಥಿ ಶ್ರೀಕುಟ್ಟನ್’ ಎಂಬ ಮಲಯಾಳಂ ಚಲನಚಿತ್ರ 2024ರಲ್ಲಿ ತೆರೆಕಂಡಿತು. ಅದರಿಂದ ಪ್ರೇರಿತವಾದ ಕೇರಳದ ಕೆಲವು ಶಾಲೆಗಳು ಬೆಂಚುಗಳನ್ನು ಮೂರು ಗೋಡೆಗಳ ಬದಿಗೆ ಸರಿಸಿ, ಹಿಂದಿನ ಸಾಲು ಎಂಬುದನ್ನೇ ಇಲ್ಲವಾಗಿಸಿದವು. 2025ರ ಜುಲೈನಲ್ಲಿ ತಮಿಳುನಾಡಿನ ಶಾಲಾ ಶಿಕ್ಷಣ ಇಲಾಖೆಯೂ ಮಕ್ಕಳನ್ನು ‘ಪ’ ಆಕಾರದಲ್ಲಿ ಕೂರಿಸುವಂತೆ ಸೂಚಿಸಿತು. (ನಮ್ಮ ‘ಪ’ ಅಲ್ಲ, ತಮಿಳಿನ ‘ಪ’ ಮುಚ್ಚಳವಿಲ್ಲದ ಪೆಟ್ಟಿಗೆಯಂತಿರುತ್ತದೆ.) ಅಂದಿನಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು “ಸಾರ್, ನೀವೇನಂತೀರಿ?” ಎಂದು ಕೇಳುತ್ತಲೇ ಇದ್ದಾರೆ. ಕೇಳಿದವರಲ್ಲಿ ಹೆಚ್ಚಿನವರು ಕೊನೆಯ ಬೆಂಚಿನವರೇ ಎಂಬುದನ್ನು ನಾನು ಗಮನಿಸಿದ್ದೇನೆ!

“ಓದುವವನು ಎಲ್ಲಿ ಕೂತರೂ ಓದುತ್ತಾನೆ, ಬೆಂಚಿನಲ್ಲೇನಿದೆ?” ಎಂದು ಮೂಗು ಮುರಿಯುವವರಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಾಲಕ ಅಂಬೇಡ್ಕರರು ಸಾತಾರೆಯ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ, ಉಳಿದ ಮಕ್ಕಳಿಂದ ದೂರ ಕೂರಬೇಕಿತ್ತು. ಸಂಜೆ ಅದನ್ನು ಮನೆಗೆ ಒಯ್ಯಬೇಕಿತ್ತು. ಶಾಲೆಯ ಜವಾನನೂ ಅದನ್ನು ಮುಟ್ಟುತ್ತಿರಲಿಲ್ಲ. ಅವರೇ ಇದನ್ನು ಬರೆದಿಟ್ಟಿದ್ದಾರೆ. ಎಲ್ಲಿ ಕೂರಬೇಕೆಂದು ಹೇಳುವುದು ನೀನು ಯಾರೆಂದು ಹೇಳುವುದೇ ಆಗಿದ್ದ ದೇಶ ನಮ್ಮದು. ಇಲ್ಲಿ ಆಸನವನ್ನು ಬರಿಯ ಮರದ ಹಲಗೆಯೆನ್ನಲು ನನಗೆ ಬಾಯಿ ಬರುವುದಿಲ್ಲ.

ಅಂಕಗಳ ಪ್ರಕಾರ ಕೂರಿಸುವ ಪದ್ಧತಿಯನ್ನು ನಮ್ಮ ಕಾಲದಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಜಾಣರು ಮುಂದೆ, ‘ದಡ್ಡರು’ ಹಿಂದೆ. ಮಾಸ್ತರರ ಧ್ವನಿಯೂ ಕಣ್ಣೂ ಸುಲಭವಾಗಿ ತಲಪುವ ಜಾಗವನ್ನು ಅದರ ಅಗತ್ಯ ಕಡಿಮೆಯಿರುವವನಿಗೆ ಕೊಟ್ಟು, ಅಗತ್ಯವಿರುವವನನ್ನು ಗೋಡೆಗೆ ಒತ್ತುವ ಈ ನ್ಯಾಯ ನನಗೆಂದೂ ಒಗ್ಗಲಿಲ್ಲ. ನನ್ನ ತರಗತಿಯಲ್ಲಿ ಪ್ರತಿ ಸೋಮವಾರ ಸಾಲುಗಳು ಬದಲಾಗುತ್ತಿದ್ದುದು ನಿಮಗೆ ನೆನಪಿರಬಹುದು. ಮುಖ್ಯೋಪಾಧ್ಯಾಯರೊಬ್ಬರು ಇದನ್ನು ‘ಸಂತೆ’ ಎಂದು ಕರೆದರು. ಆ ಸಂತೆಯಲ್ಲಿಯೇ, ವರ್ಷಗಟ್ಟಲೆ ಹಿಂದೆ ಕೂತು ಪೆದ್ದನೆನಿಸಿಕೊಂಡಿದ್ದ ಹುಡುಗನೊಬ್ಬ ಎರಡನೆಯ ಸಾಲಿಗೆ ಬಂದಾಗಲೂ ಕಣ್ಣು ಕಿರಿದಾಗಿಸಿ ಪಕ್ಕದವನ ಪುಸ್ತಕ ನೋಡಿ ಬರೆಯುವುದು ನನ್ನ ಕಣ್ಣಿಗೆ ಬಿತ್ತು. ಅವನಿಗೆ ಬೇಕಾಗಿದ್ದುದು ಕನ್ನಡಕ. ಅದುವರೆಗೆ ಸಿಕ್ಕಿದ್ದುದು ಬೆತ್ತ.

ಹಾಗಾದರೆ ಮೂರು ಗೋಡೆಗಳ ವ್ಯವಸ್ಥೆಗೆ ನನ್ನ ಜೈಕಾರವೇ? ಇಲ್ಲ. ಗಣಿತದ ಮೇಷ್ಟರಲ್ಲದಿದ್ದರೂ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಇಪ್ಪತ್ತು ಅಡಿ ಚೌಕದ ಕೋಣೆಯ ಮೂರು ಗೋಡೆ ಸೇರಿ ಅರವತ್ತು ಅಡಿ. ಮೂಲೆಗಳು, ಬಾಗಿಲು ಕಳೆದರೆ ಐವತ್ತು. ಮಗುವಿಗೆ ಒಂದೂವರೆ ಅಡಿಯಂತೆ ಮೂವತ್ತಮೂರು ಮಂದಿ ಹಿಡಿಸಿಯಾರು. ತರಗತಿಯಲ್ಲಿ ಅರವತ್ತು ಮಕ್ಕಳಿದ್ದರೆ ಉಳಿದವರಿಗೆ ಎರಡನೆಯ ಸುತ್ತು ಹಾಕಬೇಕು. ಅಲ್ಲಿಗೆ ಹಿಂದಿನ ಬೆಂಚು ವೇಷ ಬದಲಿಸಿ ಮರಳಿ ಬಂದಂತಾಯಿತು. ಎರಡು ಪಕ್ಕದ ಮಕ್ಕಳು ಇಡೀ ದಿನ ಕತ್ತು ತಿರುಗಿಸಿ ಕಪ್ಪುಹಲಗೆ ನೋಡಬೇಕಾದ ಕಷ್ಟ ಬೇರೆ. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಎಂಟನೆಯ ತರಗತಿಯವರೆಗೆ ಮೂವತ್ತೈದು ಮಕ್ಕಳಿಗೆ ಒಬ್ಬ ಶಿಕ್ಷಕರಾದರೂ ಇರಬೇಕೆಂದಿತು. ಒಂಬತ್ತು, ಹತ್ತನೆಯ ತರಗತಿಗಳು ಆ ಕಾಯಿದೆಯ ವ್ಯಾಪ್ತಿಗೇ ಬರುವುದಿಲ್ಲ. ಮಕ್ಕಳ ಸಂಖ್ಯೆಯ ಮಾತೆತ್ತದೆ ಬೆಂಚು ಸರಿಸಿ ಛಾಯಾಚಿತ್ರ ತೆಗೆಸಿಕೊಳ್ಳುವುದು ಸುಧಾರಣೆಯಲ್ಲ, ಪ್ರದರ್ಶನ.

ಇನ್ನು ನಗರದ ಕೆಲವು ಶಾಲೆಗಳು ಬಣ್ಣದ ಕುರ್ಚಿ, ಮೆತ್ತೆಗಳನ್ನು ತೋರಿಸಿ ಇದು ವಿದೇಶದಿಂದ ಬಂದ ಹೊಸ ವಿಚಾರವೆಂದು ಶುಲ್ಕ ಏರಿಸುವುದನ್ನು ಕಂಡರೆ ನಗು ಬರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಕಾರಿ ಶಾಲೆಗಳಲ್ಲಿ ಆರಂಭವಾದ ‘ನಲಿ-ಕಲಿ’ಯನ್ನು ಇವರು ನೋಡಿಲ್ಲವೇ? ಒಂದರಿಂದ ಮೂರನೆಯ ತರಗತಿಯ ಮಕ್ಕಳು ಅಲ್ಲಿ ಒಟ್ಟಾಗಿ ಐದು ಗುಂಪುಗಳಲ್ಲಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದರಲ್ಲಿ ಸ್ವಕಲಿಕೆ. ಕಲಿತಂತೆಲ್ಲ ಮಗು ಗುಂಪಿನಿಂದ ಗುಂಪಿಗೆ ಎದ್ದು ಹೋಗುತ್ತದೆ. ಕಪ್ಪುಹಲಗೆ ಮಗುವಿನ ಎತ್ತರದಲ್ಲಿ, ಅದು ಮಾಡಿದ ಕಾಗದದ ಹೂವು ತಲೆಯ ಮೇಲಿನ ಕಲಿಕಾ ಚಪ್ಪರದಲ್ಲಿ. ನೆಲದ ಮೇಲೆ ನಡೆದದ್ದಕ್ಕೆ ಇಂಗ್ಲಿಷ್ ಹೆಸರಿರಲಿಲ್ಲ, ಅಷ್ಟೇ. ಅದೇ ಮಗು ನಾಲ್ಕನೆಯ ತರಗತಿಗೆ ಬಂದೊಡನೆ ಸಾಲಿನಲ್ಲಿ ಕೂರಬೇಕು, ಅಲುಗಬಾರದು! ಒಂಬತ್ತು ವರ್ಷ ತುಂಬಿದೊಡನೆ ಮಗುವಿನ ಬುದ್ಧಿಗೆ ಕಾಲು ಬೇಡವಾಗುತ್ತದೆಯೇ?

ಸಾಲುಗಳನ್ನು ಸುಟ್ಟುಬಿಡಿ ಎಂದೂ ನಾನು ಹೇಳುತ್ತಿಲ್ಲ. 2008ರಲ್ಲಿ ವನ್ನಾರ್ಕಾ ಮತ್ತು ರೂಲ್ ಎಂಬ ಸಂಶೋಧಕರು ಎಂಟು ಅಧ್ಯಯನಗಳನ್ನು ಪರಿಶೀಲಿಸಿ, ಒಬ್ಬೊಬ್ಬರೇ ಮಾಡುವ ಕೆಲಸಕ್ಕೆ ಸಾಲು ಹಿತ, ಕೂಡಿ ಮಾಡುವ ಕೆಲಸಕ್ಕೆ ಗುಂಪು ಹಿತ ಎಂಬ ತೀರ್ಮಾನಕ್ಕೆ ಬಂದರು. ನಮ್ಮಜ್ಜಿಗೂ ಇದು ಗೊತ್ತಿತ್ತು: ಊಟಕ್ಕೆ ಪಂಕ್ತಿ, ಕಥೆಗೆ ಸುತ್ತುಗಟ್ಟು. ಆದ್ದರಿಂದ ಇಲಾಖೆ ಯಾವ ಅಕ್ಷರದ ಆಕಾರವನ್ನೂ ರಾಜ್ಯಕ್ಕೆಲ್ಲ ವಿಧಿಸುವುದು ಬೇಡ. ಇಬ್ಬರು ಮಕ್ಕಳು ಎತ್ತಿ ಸರಿಸಬಲ್ಲ ಹಗುರವಾದ ಬೆಂಚುಗಳನ್ನು ಕೊಡಲಿ, ಸರಿಸಲು ಜಾಗ ಕೊಡಲಿ. ಆಕಾರದ ಯೋಚನೆಯನ್ನು ಪಾಠ ಮಾಡುವವರಿಗೆ ಬಿಡಲಿ.

ನಿಮ್ಮಲ್ಲಿ ಕೆಲವರು ಈಗ ನಿಮ್ಮೂರಿನ ಎಸ್‌ಡಿಎಂಸಿಯಲ್ಲಿದ್ದೀರಿ. ಮುಂದಿನ ಸಭೆಗೆ ಹೋದಾಗ ಎರಡು ಪ್ರಶ್ನೆ ಕೇಳಿ: ಈ ಕೋಣೆಯಲ್ಲಿ ಎಷ್ಟು ಮಕ್ಕಳಿದ್ದಾರೆ? ಕೊನೆಯ ಬೆಂಚಿನಲ್ಲಿ ಜೂನ್‌ನಿಂದ ಒಬ್ಬನೇ ಹುಡುಗ ಕೂತಿದ್ದಾನೆಯೇ? ಬಂದ ಉತ್ತರವನ್ನು ನನಗೆ ಬರೆದು ತಿಳಿಸಿ.