ತಾತನ ಹೆಸರು ಎಲ್ಲಿ ಇಟ್ಟಿದೀರಾ?

"ಮಗೂಗೆ ನಮ್ಮ ತಾತನ ಹೆಸರೇ ಇಟ್ಟಿದೀವಿ" ಅಂತ ಹೆಮ್ಮೆಯಿಂದ ಹೇಳೋ ನನ್ನ ವಯಸ್ಸಿನ ಅಪ್ಪ-ಅಮ್ಮಂದಿರಿಗೆ ನನ್ನದೊಂದೇ ಪ್ರಶ್ನೆ. ಎಲ್ಲಿ ಇಟ್ಟಿದೀರಾ?

ಜನನ ಪ್ರಮಾಣಪತ್ರದಲ್ಲಿ ಇಲ್ಲ. ಆಧಾರ್‌ನಲ್ಲಿ ಇಲ್ಲ. ಪ್ಲೇಹೋಮ್ ಬ್ಯಾಗಿಗೆ ಅಂಟಿಸಿರೋ ಚೀಟಿಯಲ್ಲೂ ಇಲ್ಲ. ಅಲ್ಲೆಲ್ಲ ಇರೋದು ವಿಹಾನ್, ರೆಯಾಂಶ್, ಅದ್ವಿಕ್. ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಮೂರು ಸಲ 'ಸಿದ್ದಲಿಂಗಪ್ಪ' ಅಂತ ಪಿಸುಗುಟ್ಟಿದ್ದು ಬಿಟ್ರೆ ಆಮೇಲೆ ಯಾರೂ ಆ ಹೆಸರು ಹಿಡಿದು ಕರೆದಿಲ್ಲ. ಫೋಟೋ ಆಯ್ತು, ಊಟ ಆಯ್ತು, ತಾತ ಮತ್ತೆ ಗೋಡೆ ಮೇಲಿನ ಫ್ರೇಮಿಗೆ ವಾಪಸ್. ಇದು ಹೆಸರಿಡೋದಲ್ಲ ಸ್ವಾಮಿ, ಹೆಸರಿಗೆ ಇಡೋದು.

ನಮ್ಮ ತುಮಕೂರು ಕಡೆ ಹೆಸರು ಕೇಳಿದ್ರೆ ಮನೆದೇವ್ರು ಯಾರು ಅಂತ ಅರ್ಧ ಅಂದಾಜು ಸಿಗ್ತಿತ್ತು. ಗುಬ್ಬಿಯಲ್ಲಿ ಚನ್ನಬಸವಯ್ಯ, ಚನ್ನಬಸಮ್ಮ. ಅದು ಊರ ದೇವರು ಚನ್ನಬಸವೇಶ್ವರನ ಹೆಸರು. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯೂ ಅದೇ ಹೆಸರು ಹೊತ್ಕೊಂಡು ನಾಡೆಲ್ಲ ತಿರುಗ್ತು. ಕುಣಿಗಲ್ ತಾಲ್ಲೂಕಿನ ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರ, ಹಾಗಾಗಿ ಆ ಕಡೆ ಬೇಕಾದಷ್ಟು ಸಿದ್ದಲಿಂಗಯ್ಯಂದಿರು. ದೇವರಾಯನದುರ್ಗದ ಸುತ್ತ ನರಸಿಂಹಯ್ಯಂದಿರು. ಇನ್ನು ತುಮಕೂರು ಟೌನಿನಲ್ಲಿ 'ಶಿವಕುಮಾರ' ಅಂತ ಜೋರಾಗಿ ಕೂಗಿ ನೋಡಿ, ಎಷ್ಟು ಜನ ತಿರುಗ್ತಾರೆ ಅಂತ.

ಆ ಶಿವಕುಮಾರ ಅನ್ನೋ ಹೆಸರನ್ನೇ ನೋಡಿ. ಸಿದ್ಧಗಂಗೆಯ ಸ್ವಾಮಿಗಳಿಗೆ ಮನೆಯಲ್ಲಿ ಇಟ್ಟಿದ್ದ ಹೆಸರು ಶಿವಣ್ಣ. 1930ರಲ್ಲಿ ಸನ್ಯಾಸ ತಗೊಂಡ ಮೇಲೆ ಶಿವಕುಮಾರ ಸ್ವಾಮಿ ಆದ್ರು. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾಗೋ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಆ ಹೆಸರಿಗೆ 'ಶಿವನ ಮಗ' ಅನ್ನೋ ಅರ್ಥ ಯಾರ ನೆನಪಿನಲ್ಲೂ ಇರಲಿಲ್ಲ. ಬಡವರ ಮಕ್ಕಳಿಗೆ ಅನ್ನ, ಅಕ್ಷರ, ಮಲಗೋಕೊಂದು ಜಾಗ, ಇದೇ ಅದರ ಅರ್ಥ ಆಗಿಹೋಗಿತ್ತು. ಹೆಸರಿನ ಅರ್ಥ ಹುಟ್ಟೋದು ಹೀಗೆ, ಅದನ್ನ ಹೊತ್ತವರು ಬದುಕಿದ ರೀತಿಯಿಂದ. ನಾವೋ, ಅರ್ಥಕ್ಕೆ ವೆಬ್‌ಸೈಟ್ ಹುಡುಕ್ತೀವಿ. ಕೇಳಿದ್ರೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಉತ್ತರ: "ಸೂರ್ಯನ ಮೊದಲ ಕಿರಣ." ಒಂದೇ ಅಪಾರ್ಟ್‌ಮೆಂಟಿನಲ್ಲಿ ಎಷ್ಟು ಮೊದಲ ಕಿರಣಗಳು ಮಾರಾಯ್ರೇ!

"ಆದ್ರೆ ಹಳೇ ಹೆಸರಿಟ್ರೆ ಮಗೂನ ಕರಿಯರ್ ಕಥೆ?" ಅಂತೀರಾ. ಕುಣಿಗಲ್ ತಾಲ್ಲೂಕಿನ ಒಂದು ಕ್ಷೇತ್ರದ ಹೆಸರಿಗೆ 'ಅಪ್ಪ' ಸೇರಿಸಿ ಮಂಡ್ಯ ಜಿಲ್ಲೆಯ ಬೂಕನಕೆರೆಯ ಮಗುವೊಂದಕ್ಕೆ ಇಟ್ರು. ಆ ಮಗು ದೊಡ್ಡದಾಗಿ ನಾಲ್ಕು ಸಲ ಮುಖ್ಯಮಂತ್ರಿ ಆಯ್ತು. ಯಡಿಯೂರಪ್ಪನವರು 2007ರಲ್ಲಿ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಒಂದು 'ಐ' ತೆಗೆದು ಇನ್ನೊಂದು 'ಡಿ' ಸೇರಿಸಿದ್ರು, 2019ರಲ್ಲಿ ಮತ್ತೆ ಹಳೇದಕ್ಕೇ ಬಂದ್ರು. ಕನ್ನಡದಲ್ಲಿ ಒಂದಕ್ಷರವೂ ಅಲ್ಲಾಡಲಿಲ್ಲ. ಅವರ ರಾಜಕೀಯ ನಿಮಗೆ ಇಷ್ಟವೋ ಇಲ್ವೋ, ಅದು ಬೇರೆ ಮಾತು. ಹೆಸರು ಅಡ್ಡ ಬಂತು ಅಂತ ಮಾತ್ರ ಹೇಳೋಕಾಗಲ್ಲ.

ಇನ್ನೊಂದು ವಾದ ಇದೆ, ಸ್ವಲ್ಪ ಗಟ್ಟಿ ವಾದ. "ಹಿಂದೇನೂ ಎರಡೆರಡು ಹೆಸರು ಇರ್ತಿತ್ತಲ್ಲ?" ಇತ್ತು, ಒಪ್ಪೋಣ. ಸೊಸೆಯಾದವಳು ಮಾವನ ಹೆಸರು ಬಾಯಲ್ಲಿ ಹೇಳೋ ಹಾಗಿರಲಿಲ್ಲ. ಮಗನಿಗೆ ಮಾವನ ಹೆಸರೇ ಇದ್ರೆ ಬೈಯೋದು ಹೇಗೆ? ಅದಕ್ಕೇ ಮನೆಯಲ್ಲಿ ಪುಟ್ಟ, ಅಪ್ಪಿ, ಅಪ್ಪಯ್ಯ. ಆದ್ರೆ ಸ್ಕೂಲಿನಲ್ಲಿ, ಊರಲ್ಲಿ, ಕಾಗದದಲ್ಲಿ ತಾತನ ಹೆಸರೇ ಇರ್ತಿತ್ತು. ಶಿವಣ್ಣನ ಹುಟ್ಟುಹೆಸರು ನಾಗರಾಜು ಶಿವ ಪುಟ್ಟಸ್ವಾಮಿ. ಕೊನೆಗಿರೋ ಪುಟ್ಟಸ್ವಾಮಿ ಅಂದ್ರೆ ತಾತ, ಅಣ್ಣಾವ್ರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ. ನಾವು ಮಾಡಿರೋದು ಇದರ ಉಲ್ಟಾ. ಹೊರಗಿನ ಲೋಕಕ್ಕೆ ಕ್ಯಾಟಲಾಗಿನ ಹೆಸರು, ಮನೆಯೊಳಗೆ ಅರ್ಧ ದಿನದ ಮಟ್ಟಿಗೆ ತಾತನ ಹೆಸರು. ಆಗ ಹೆಸರು ಮುಚ್ಚಿಟ್ಟಿದ್ದು ಮರ್ಯಾದೆಗೆ. ಈಗ ಮುಚ್ಚಿಡ್ತಿರೋದು ನಾಚಿಕೆಗೆ.

ಇಷ್ಟು ಹೊತ್ತು ತಾತ, ತಾತ ಅಂತಿದೀನಿ. ಅಜ್ಜಿ ಎಲ್ಲಿ?

ನನ್ನ ನಿಜವಾದ ಜಗಳ ಇರೋದು ಇಲ್ಲಿ. ತಾತನ ಹೆಸರು ಕಿವಿಯಲ್ಲಾದ್ರೂ ಬೀಳುತ್ತೆ. ಪುಟ್ಟಮ್ಮ, ಕೆಂಪಮ್ಮ, ಹೊನ್ನಮ್ಮ, ನಿಂಗಮ್ಮಂದಿರ ಹೆಸರು ತೊಟ್ಟಿಲ ಹತ್ತಿರವೂ ಬರಲ್ಲ. ನಮ್ಮ ಇನಿಶಿಯಲ್ಲುಗಳನ್ನೇ ತಗೊಳ್ಳಿ. ತೀ.ನಂ.ಶ್ರೀ. ನಮ್ಮ ಜಿಲ್ಲೆಯವರು. ಬಿಡಿಸಿದ್ರೆ ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ. ಊರಿಗೊಂದು ಅಕ್ಷರ, ಅಪ್ಪನಿಗೊಂದು ಅಕ್ಷರ. ಅವರೊಬ್ಬರದ್ದಲ್ಲ, ನಮ್ಮೆಲ್ಲರದ್ದೂ ಇದೇ ಲೆಕ್ಕ. ಒಂಬತ್ತು ತಿಂಗಳು ಹೊತ್ತವಳಿಗೆ ಒಂದು ಚುಕ್ಕೆಯೂ ಇಲ್ಲ. ಪಾಸ್‌ಪೋರ್ಟಿಗೆ ಅಪ್ಪ-ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರಿದ್ರೆ ಸಾಕು ಅಂತ ಸರ್ಕಾರ ಒಪ್ಪಿದ್ದೇ 2016ರ ಡಿಸೆಂಬರಿನಲ್ಲಿ.

ನನಗಿರೋದು ನಮ್ಮಜ್ಜಿ ಹೆಸರು. ಬೆಟ್ಟದ ಮೇಲಿನ ಗಂಗೆಯ ಹೆಸರು, ಕೊನೆಗೊಂದು 'ಅಮ್ಮ'. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಟೀಮಿನವರು ಅದನ್ನ ಕತ್ತರಿಸಿ 'ಸಿಡ್' ಮಾಡಿದ್ರು. "ಗಜೆಟ್‌ನಲ್ಲಿ ಹಾಕ್ಸಿ ಚೇಂಜ್ ಮಾಡ್ಕೊಳ್ಳೇ" ಅಂತ ಸಲಹೆ ಕೊಟ್ಟವರು ಬೇಕಾದಷ್ಟು ಜನ. ಬದಲಾಯಿಸಿಲ್ಲ, ಬದಲಾಯಿಸೋದೂ ಇಲ್ಲ. ಯಾಕೆ ಅಂದ್ರೆ, ಗುಬ್ಬಿ ತಾಲ್ಲೂಕಿನ ಆ ಹೊಲದಲ್ಲಿ ನಮ್ಮಜ್ಜಿ ಐವತ್ತು ವರ್ಷ ರಾಗಿ ಕೊಯ್ದಿದ್ದಾಳೆ. ಪಹಣಿಯಲ್ಲಿ ಮೊದಲು ತಾತನ ಹೆಸರಿತ್ತು, ಆಮೇಲೆ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪನ ಹೆಸರು ಬಂತು. ತಾತ ಕೂಡ ಅವಳನ್ನ ಹೆಸರಿಡಿದು ಕರೆದವನಲ್ಲ, "ಏ, ಇವಳೇ" ಅಷ್ಟೇ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಬಂದಾಗ ಓದೋಕೆ ಬಾರದ ಅಜ್ಜಿ ಕೇಳಿದ್ದು ಮಾರ್ಕ್ಸ್ ಎಷ್ಟು ಅಂತಲ್ಲ. "ನನ್ನೆಸ್ರು ಎಲ್ಲೈತೆ ತೋರ್ಸವ್ವ" ಅಂದ್ಲು. ತೋರಿಸಿದೆ. ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿದ್ಲು. ಪಹಣಿಯಲ್ಲಿ ಸಿಗದ ಜಾಗ ಅವಳಿಗೆ ಅಲ್ಲಿ ಸಿಕ್ಕಿತ್ತು. ಕರೆಯೋಕೆ ಕಷ್ಟ ಅನ್ನೋ ಕಾರಣಕ್ಕೆ ನಾನು ಅದನ್ನ ಅಳಿಸಬೇಕಾ?

ಹಾಗಂತ ಹಳೇ ಹೆಸರೆಲ್ಲ ಹಾಗೇ ಮುಂದುವರೀಬೇಕು ಅಂತ ನಾನು ಹೇಳ್ತಿಲ್ಲ. ಕೆಲವು ಮನೆಗಳಲ್ಲಿ ತಾತನ ಹೆಸರು ತಾತನ ಆಯ್ಕೆಯೇ ಆಗಿರಲಿಲ್ಲ. ಬಣ್ಣ ಆಡಿಕೊಂಡು, ಜಾತಿ ನೆನಪಿಸೋಕೆ ಅಂತ ಮೇಲಿನವರು ಅಂಟಿಸಿದ ಹೆಸರುಗಳಿದ್ವು. ಅಂಥದ್ದನ್ನ ಕಿತ್ತೆಸೆದು ಮಗನಿಗೆ ಭೀಮರಾವ್ ಅಂತಲೋ, ಗೌತಮ ಅಂತಲೋ ಇಟ್ಟವರನ್ನ ಯಾವ ಬಾಯಲ್ಲಿ ಪ್ರಶ್ನಿಸೋಣ? ಎಚ್.ಎಂ. ಗಂಗಾಧರಯ್ಯನವರು 1959ರಲ್ಲಿ ತುಮಕೂರಿನಲ್ಲಿ ಶುರು ಮಾಡಿದ ವಿದ್ಯಾಸಂಸ್ಥೆಗೆ ಸಿದ್ಧಾರ್ಥ ಅಂತ ಹೆಸರಿಟ್ರು. ಆ ಹೆಸರು ಸುಮ್ಮನೆ ಬಂದಿದ್ದಲ್ಲ. 2021ರ ಅಕ್ಟೋಬರ್ 29ರ ನಂತರ ಹುಟ್ಟಿದ ಮಗನಿಗೆ ಪುನೀತ್ ಅಂತ ಇಟ್ಟವರದ್ದೂ ಇದೇ ದಾರಿ. ಇವರೆಲ್ಲ ಒಬ್ಬ ಮನುಷ್ಯನನ್ನ ನೆನೆದು ಹೆಸರಿಟ್ರು, ರಾಜಾರೋಷವಾಗಿ ಕಾಗದದ ಮೇಲೆ ಇಟ್ರು. ನನ್ನ ತಕರಾರು ಏನಿದ್ರೂ ಯಾರನ್ನೂ ನೆನೆಯದ ಹೆಸರಿನ ಮೇಲೆ. ಅದಕ್ಕಿಂತ ಹೆಚ್ಚಾಗಿ, ನೆನೆದ ಹಾಗೆ ನಟಿಸೋರ ಮೇಲೆ.

"ಆಸ್ಪತ್ರೆಯಲ್ಲಿ ಅರ್ಜೆಂಟಾಗಿ ಹೆಸರು ಕೇಳಿದ್ರು" ಅನ್ನೋ ನೆಪವೂ ನಡೆಯಲ್ಲ. ಜನನವನ್ನ 21 ದಿನದೊಳಗೆ ನೋಂದಾಯಿಸಬೇಕು ನಿಜ, ಆದ್ರೆ ಹೆಸರಿಲ್ಲದೇ ನೋಂದಾಯಿಸಬಹುದು. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೂ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸೋಕೆ ಅವಕಾಶ ಇದೆ. ಅಂದ್ರೆ ಅಜ್ಜಿಯನ್ನ ಕೂರಿಸಿಕೊಂಡು, ಅವಳ ಹೆಸರು ಅವಳಿಗೆ ಯಾರು ಯಾಕೆ ಇಟ್ರು ಅಂತ ಕೇಳೋಕೆ ಕಾನೂನೇ ನಿಮಗೆ ಒಂದು ವರ್ಷ ಟೈಮ್ ಕೊಟ್ಟಿದೆ.

ಪೂರ್ತಿ ಹೆಸರು ಭಾರ ಅನ್ಸಿದ್ರೆ 'ಅಮ್ಮ' ಬಿಟ್ಟು 'ಹೊನ್ನ' ಉಳಿಸಿಕೊಳ್ಳಿ. ಎರಡು ಹೆಸರು ಜೋಡಿಸಿ. ಅಪ್ಪನ ಇನಿಶಿಯಲ್ ಪಕ್ಕ ಅಮ್ಮನದ್ದೂ ಒಂದು ಹಾಕಿ. ಏನೇ ಮಾಡಿ, ಟೀಚರ್ ಹಾಜರಿ ಕೂಗೋ ಹೆಸರಿನಲ್ಲಿ ಮಾಡಿ. ಅದಾಗಲ್ಲ ಅಂದ್ರೆ, ನಿಮಗಿಷ್ಟವಾದ ಹೆಸರೇ ಇಡಿ, ಯಾರ ಅಪ್ಪಣೆಯೂ ಬೇಕಿಲ್ಲ. ತಾತನ ಹೆಸರಿಟ್ಟಿದೀವಿ ಅಂತ ಮಾತ್ರ ಹೇಳ್ಬೇಡಿ.